ಪೋರ್ಷನ್ ಮುಗಿಸಿದ ಮುನಿಶಾಮಮ್ಮ

ಮುನಿಶಾಮಮ್ಮ ಒಂಬತ್ತನೇ ಕ್ಲಾಸಿನ ಕನ್ನಡ ಪೋರ್ಷನ್ನನ್ನು ಏಳು ಸಲ ಮುಗಿಸಿದ್ದಳು. ಅವಳಿಗೆ ಓದಲು ಬಾರದು. ಬರೆಯಲೂ ಬಾರದು. ಆದರೆ ಹದಿನಾರು ಪಾಠಗಳ ಪ್ರಶ್ನೋತ್ತರ ನಾಲಿಗೆಯ ತುದಿಯಲ್ಲಿತ್ತು. ಯಾರಾದರೂ ಕೇಳಿದ್ದರೆ ಗಡಗಡ ಹೇಳಿಬಿಡುತ್ತಿದ್ದಳು. ಯಾರೂ ಕೇಳಿರಲಿಲ್ಲ, ಅಷ್ಟೇ.

ಅವಳು ಕಲಿತದ್ದು ಪಾತ್ರೆ ತೊಳೆಯುವ ಕಲ್ಲಿನ ಮೇಲೆ. ಯಲ್ದೂರು ಹೋಬಳಿಯ ಆ ಸರ್ಕಾರಿ ಹೈಸ್ಕೂಲಿನಲ್ಲಿ ಆ ಕಲ್ಲು ಇದ್ದದ್ದು ಒಂಬತ್ತನೇ ಕ್ಲಾಸಿನ ಕಿಟಕಿಯ ಕೆಳಗೆ. ಸರ್ಕಾರದ ರಿಜಿಸ್ಟರಿನಲ್ಲಿ ಅವಳು ಬಿಸಿಯೂಟದ ಅಡುಗೆಯವಳು. ಅಡುಗೆ ಕೋಣೆಯ ಹೊಸಿಲು ದಾಟಿದ್ದು ಮಾತ್ರ ಒಂದೇ ದಿನ, ಕೆಲಸಕ್ಕೆ ಸೇರಿದ ದಿನ. ಅವತ್ತು ಸಾಂಬಾರಿಗೆ ಒಗ್ಗರಣೆ ಹಾಕಿದಳು. ಒಗ್ಗರಣೆಯ ವಾಸನೆ ಊರಿಗೆ ಹೋಯಿತೋ, ಅವಳ ಕಾಲೋನಿಯ ಹೆಸರು ಊರಿಗೆ ಹೋಯಿತೋ, ನೂರ ಎಂಬತ್ತು ಮಕ್ಕಳಲ್ಲಿ ತೊಂಬತ್ತು ಮಕ್ಕಳಿಗೆ ಒಟ್ಟಿಗೇ ಹೊಟ್ಟೆನೋವು ಬಂತು. ಅದೂ ಉಣ್ಣುವುದಕ್ಕೆ ಮುಂಚೆ.

ಮಾರನೇ ದಿನ ಹೆಡ್‌ಮಾಸ್ಟರ್ ಅಶ್ವತ್ಥಪ್ಪ ಅವಳನ್ನು ಕರೆಸಿದರು.

"ನೋಡಮ್ಮ, ನನ್ಗೇನೂ ಇಲ್ಲ. ನಾನು ಸಮಾನತೆ ಬಗ್ಗೆ ಭಾಷಣ ಮಾಡಿ ಪ್ರೈಜ್ ತಗೊಂಡಿರೋನು. ಊರೋರು ಒಪ್ಪಲ್ಲ. ನೀನು ಹೊರಗೆ ಪಾತ್ರೆ ತೊಳಿ, ತರಕಾರಿ ತೊಳಿ, ನೀರು ಹೊರು. ಒಳಗೆ ಶ್ಯಾಮಲಮ್ಮ ನೋಡ್ಕೋತಾರೆ."

ಅವಳು ತೊಳೆದ ಬದನೆಕಾಯಿ ಊರಿಗೆ ಆಗುತ್ತಿತ್ತು. ಅವಳು ಬೇಯಿಸಿದ ಬದನೆಕಾಯಿ ಆಗುತ್ತಿರಲಿಲ್ಲ. ಈ ಪಾಠ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೂ ಊರಿಗೆಲ್ಲ ಬಾಯಿಪಾಠವಾಗಿತ್ತು.

ಬೆಳಿಗ್ಗೆ ನೂರ ಎಂಬತ್ತು ಹಾಲಿನ ಲೋಟ. ಹಾಲು ಕಾಯಿಸಿ ತಳ ಹಿಡಿದ ದೊಡ್ಡ ಡಬರಿ. ಮಧ್ಯಾಹ್ನ ನೂರ ಎಂಬತ್ತು ತಟ್ಟೆ. ತೆಂಗಿನ ನಾರು, ಬೂದಿ, ಸೋಪಿನ ಪುಡಿ. ಬೆರಳ ಸಂದಿಯಲ್ಲಿ ಬಿರುಕು. ಬಿರುಕಿನಲ್ಲಿ ಸೋಪು. ಮನೆಗೆ ಹೋಗಿ ಖಾರ ಅರೆದರೆ ಪ್ರಾಣ ಹೋಗುವಷ್ಟು ಉರಿ. ಇಷ್ಟರ ನಡುವೆ ತಲೆಯ ಮೇಲಿನ ಕಿಟಕಿಯಿಂದ ಕನ್ನಡ ಮೇಷ್ಟ್ರು ಚಂದ್ರಮೋಹನ್ ಅವರ ದನಿ ಸುರಿಯುತ್ತಿತ್ತು.

"ಪ್ರಶ್ನೆ ಮೂರು. ಬರ್ಕೊಳ್ಳಿ. ಉತ್ತರ. ಬರ್ಕೊಳ್ಳಿ. ಫುಲ್‌ಸ್ಟಾಪ್. ಯಾರ್ಲಾ ಅದು ತಲೆ ಎತ್ತಿದ್ದು? ಬರ್ಕೊಳ್ಳಿ."

ಚಂದ್ರಮೋಹನ್ ಇಡೀ ತಾಲ್ಲೂಕಿಗೆ ಹೆಸರಾದ ಮೇಷ್ಟ್ರು. ಬೇರೆ ಮೇಷ್ಟ್ರುಗಳು ಜನವರಿಯಲ್ಲಿ ಮುಗಿಸಲು ಹೆಣಗುವ ಪೋರ್ಷನ್ನನ್ನು ಅವರು ನವೆಂಬರಿಗೇ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಆಮೇಲೆ ರಿವಿಷನ್ ಒಂದು, ರಿವಿಷನ್ ಎರಡು, ರಿವಿಷನ್ ಮೂರು. ರಿವಿಷನ್ ಅಂದರೆ ಅದೇ ನೋಟ್ಸನ್ನು ಇನ್ನಷ್ಟು ಬೇಗ ಹೇಳುವುದು. ನಡುವೆ ಒಂದು ಸಲ ಪುಸ್ತಕ ಬದಲಾಯಿತು. ಮೇಷ್ಟ್ರು ಬದಲಾಗಲಿಲ್ಲ. ಹಳೇ ನೋಟ್ಸೇ ಹೇಳುತ್ತ ಎರಡು ವರ್ಷ ಕಾದರು. ಹಳೇ ಪುಸ್ತಕವೇ ವಾಪಸ್ ಬಂತು.

ಮುನಿಶಾಮಮ್ಮನ ಮನೆಮಾತು ತೆಲುಗು. ಅವಳಿಗೆ ಗೊತ್ತಿದ್ದ ಕನ್ನಡ ಎರಡೇ ಬಗೆ. ಒಂದು ಬಸ್‌ಸ್ಟ್ಯಾಂಡಿನದು, ಇನ್ನೊಂದು ಕಿಟಕಿಯದು. ಎರಡೂ ಕೆಲವು ಸಲ ಕಲಸಿಹೋಗುತ್ತಿದ್ದವು. ಒಮ್ಮೆ ಶ್ರೀನಿವಾಸಪುರದ ಸಂತೆಯಲ್ಲಿ ತರಕಾರಿಯವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಏನಪ್ಪಾ, ಟಮೋಟದ ಬೆಲೆಯನ್ನು ಎರಡು ಮೂರು ವಾಕ್ಯಗಳಲ್ಲಿ ತಿಳಿಸು" ಅಂದಿದ್ದಳು. ಅವನು ಯಾರೋ ಆಫೀಸರ್ ವೇಷ ಮರೆಸಿಕೊಂಡು ಬಂದಿದ್ದಾರೆ ಅಂದುಕೊಂಡು ಅರ್ಧ ಕೆಜಿ ಜಾಸ್ತಿ ಹಾಕಿದ್ದ.

ಇನ್ನು ಆ ನೋಟ್ಸಿನ ಕಥೆ. ಮೇಷ್ಟ್ರು ಅದನ್ನು ಬರೆದ ವರ್ಷವೇ, ಮೇ ತಿಂಗಳಲ್ಲಿ, ಮಾವಿನ ತೋಪಿನಲ್ಲಿ ಕೂತು ಬಾದಾಮಿ ಹಣ್ಣು ಹೀರುತ್ತ ಅದನ್ನು ತಿರುವಿ ಹಾಕಿದ್ದರು. ರಸ ಸುರಿಯಿತು. ಎರಡು ಪುಟ ಅಂಟಿಕೊಂಡವು. ಒಣಗಿದ ಮೇಲೆ ಅವು ಒಂದೇ ಪುಟದಂತೆ ಗಟ್ಟಿಯಾದವು. ಮೇಷ್ಟ್ರಿಗೆ ಅದು ತಿಳಿಯಲೇ ಇಲ್ಲ, ಯಾಕೆಂದರೆ ಅವರು ನೋಟ್ಸನ್ನು ಹೇಳುತ್ತಿದ್ದರೇ ಹೊರತು ಓದುತ್ತಿರಲಿಲ್ಲ.

ಏಳನೇ ಪಾಠ ಒಬ್ಬ ರಾಜನದು. ಎಂಟನೇ ಪಾಠ ಜೇನು ಸಾಕಣೆಯದು. ಪುಟಗಳು ಅಂಟಿಕೊಂಡದ್ದು ಸರಿಯಾಗಿ ಇವೆರಡರ ನಡುವೆ. ಹಾಗಾಗಿ 'ಯುದ್ಧ ಗೆದ್ದ ರಾಜನು ಏನು ಮಾಡಿದನು?' ಎಂಬ ಪ್ರಶ್ನೆಗೆ ಆ ಶಾಲೆಯ ಮಕ್ಕಳು ಏಳು ವರ್ಷದಿಂದ ಬರೆಯುತ್ತಿದ್ದ ಉತ್ತರ ಇದು: 'ಯುದ್ಧಭೂಮಿಯಲ್ಲಿ ಬಿದ್ದಿದ್ದ ಸೈನಿಕರನ್ನು ಕಂಡು ರಾಜನ ಮನಸ್ಸು ಕರಗಿತು. ಅವನು ಕಣ್ಣೀರು ಸುರಿಸುತ್ತಾ ಖಡ್ಗವನ್ನು ಕೆಳಗಿಟ್ಟು, ಮುಖಕ್ಕೆ ಪರದೆ ಕಟ್ಟಿಕೊಂಡು, ಹೊಗೆ ಹಾಕಿ ಹುಳುಗಳನ್ನು ಓಡಿಸಿ, ಜೇನನ್ನು ಹಿಂಡಿ ಸ್ವಚ್ಛವಾದ ಬಾಟಲಿಗಳಲ್ಲಿ ತುಂಬಿದನು.'

ನಾಲ್ಕು ಮಾರ್ಕಿನ ಪ್ರಶ್ನೆ. ಬರೆದವರಿಗೆಲ್ಲ ನಾಲ್ಕಕ್ಕೆ ನಾಲ್ಕು. ತಿದ್ದುವವರೂ ಅದೇ ಮೇಷ್ಟ್ರು. ಏಳು ವರ್ಷದಲ್ಲಿ ಇನ್ನೂರು ಮಕ್ಕಳು ರಾಜನ ಕೈಯಲ್ಲಿ ಜೇನು ಹಿಂಡಿಸಿ ಪಾಸಾದರು.

ಇನ್ನೂರ ಒಂದನೆಯವಳು ಮುನಿಶಾಮಮ್ಮನ ಮಗಳು ಮೇಘನ.

ಮೂರನೇ ರಿವಿಷನ್ನಿನ ದಿನ ಅದು. ಮಾವಿನ ಹೂವಿಗೆ ಔಷಧಿ ಹೊಡೆಯುವ ಕಾಲ, ಫೆಬ್ರವರಿ. ಮೇಘನ ಕೊನೇ ಬೆಂಚಿನಿಂದ ಎದ್ದು ನಿಂತಳು.

"ಸಾರ್, ರಾಜ ಯಾಕೆ ಜೇನು ಹಿಂಡ್ದ?"

"ಏನು?"

"ಅಳ್ತಾ ಇದ್ನಲ್ಲ ಸಾರ್. ಸತ್ತಿರೋರನ್ನ ನೋಡಿ ಅಳ್ತಾ ಇದ್ದ. ಅಷ್ಟರಲ್ಲಿ ಮುಖಕ್ಕೆ ಪರದೆ ಕಟ್ಕೊಂಡು ಜೇನು ಬಾಟ್ಲಿಗೆ ಯಾಕೆ ತುಂಬ್ದ?"

ಕ್ಲಾಸು ನಕ್ಕಿತು. ಮೇಷ್ಟ್ರು ಗಡಿಯಾರ ನೋಡಿದರು. ಒಂಬತ್ತು ನಿಮಿಷಕ್ಕೆ ಒಂದು ಪಾಠ ಮುಗಿಯಬೇಕು. ಈ ಹುಡುಗಿ ಒಂದೂವರೆ ನಿಮಿಷ ತಿಂದಿದ್ದಳು.

"ರಾಜ ಕಣೇ ಅವ್ನು. ಅವ್ನಿಷ್ಟ. ನಿನ್ನನ್ನ ಕೇಳಿ ಹಿಂಡ್ಬೇಕಾ? ನೋಟ್ಸಲ್ಲಿರೋದ್ನ ಬರಿ. ತಲೆಹರಟೆ ಮಾಡೋಳು ಹೊರಗೆ ಹೋಗಿ ನಿಂತ್ಕೋ. ನಿಮ್ಮಮ್ಮನ ಪಕ್ಕದಲ್ಲೇ ನಿಂತ್ಕೋ. ಹೆಂಗೂ ನಾಳೆ ಅಲ್ಲೇ ನಿಲ್ಲೋಳು."

ಮೇಘನ ಹೊರಗೆ ಬಂದಳು. ಕಲ್ಲಿನ ಪಕ್ಕ ನಿಂತಳು. ಮುನಿಶಾಮಮ್ಮ ತಲೆ ಎತ್ತಲಿಲ್ಲ. ಲೋಟ ಉಜ್ಜುತ್ತಲೇ ಇದ್ದಳು. ಅವಳ ತುಟಿ ಮಾತ್ರ ಕಿಟಕಿಯ ಜೊತೆ ಅಲ್ಲಾಡುತ್ತಿತ್ತು. "...ಸ್ವಚ್ಛವಾದ ಬಾಟಲಿಗಳಲ್ಲಿ ತುಂಬಿದನು."

ಮುಂದಿನ ಟೆಸ್ಟಿನಲ್ಲಿ ಮೇಘನ ನೋಟ್ಸನ್ನು ಬಿಟ್ಟು ತನಗೆ ಅರ್ಥವಾದದ್ದನ್ನು ಬರೆದಳು. ಸೊನ್ನೆ ಬಂತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಮೇಷ್ಟ್ರು ಬರೆದಿದ್ದರು: ಗ್ರಹಿಕೆ ಇಲ್ಲ.

ಆ ಪದ ಅವರಿಗೆ ಹೊಸದಾಗಿ ಬಂದಿತ್ತು. ಹಿಂದಿನ ವಾರವಷ್ಟೇ ಶ್ರೀನಿವಾಸಪುರದ ಒಂದು ಕಲ್ಯಾಣ ಮಂಟಪದಲ್ಲಿ ಎರಡು ದಿನದ ತರಬೇತಿ ನಡೆದಿತ್ತು. 'ಗ್ರಹಿಕೆ ಆಧಾರಿತ ಭಾಷಾ ಪಠ್ಯಕ್ರಮ'. ಇನ್ನು ಮೇಲೆ ಎಷ್ಟು ಪಾಠ ಮುಗಿಯಿತು ಅನ್ನುವುದು ಮುಖ್ಯವಲ್ಲ, ಮಕ್ಕಳಿಗೆ ಎಷ್ಟು ಅರ್ಥವಾಯಿತು ಅನ್ನುವುದೇ ಮುಖ್ಯ ಅಂತ ಮೇಲಿನವರು ತೀರ್ಮಾನಿಸಿದ್ದರು. ಅದನ್ನು ತಿಳಿಸಲು ಇನ್ನೂರ ಹನ್ನೆರಡು ಪುಟದ ಪುಸ್ತಕ ಮಾಡಿದ್ದರು. ಇನ್ನೂರ ಹನ್ನೆರಡು ಪುಟವೂ ಎರಡು ದಿನದಲ್ಲಿ ಮುಗಿಯಬೇಕಿತ್ತು. 'ಪಾಠವನ್ನು ಅವಸರಿಸಬಾರದು' ಎಂಬ ಅಧ್ಯಾಯಕ್ಕೆ ಹತ್ತು ನಿಮಿಷ ಸಿಕ್ಕಿತು. 'ಪ್ರಶ್ನೆ ಕೇಳುವುದನ್ನು ಪ್ರೋತ್ಸಾಹಿಸಿ' ಎಂಬ ಅಧ್ಯಾಯ ಬಂದಾಗ ಒಬ್ಬ ಮೇಷ್ಟ್ರು ಕೈ ಎತ್ತಿದರು. ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳಿ ಅಂದರು ತರಬೇತಿ ಕೊಡುವವರು. ಕೊನೆಗೆ ಪಲಾವ್ ಬಂತು.

ಚಂದ್ರಮೋಹನ್ ಸೋಮವಾರ ಕ್ಲಾಸಿಗೆ ಬಂದವರೇ ಹೊಸ ನೋಟ್ಸ್ ತೆಗೆದರು.

"ಗ್ರಹಿಕೆ ಎಂದರೇನು? ಬರ್ಕೊಳ್ಳಿ. ಗ್ರಹಿಕೆ ಎಂದರೆ ವಿಷಯವನ್ನು ಕಂಠಪಾಠ ಮಾಡದೆ ಅರ್ಥ ಮಾಡಿಕೊಳ್ಳುವುದು. ಫುಲ್‌ಸ್ಟಾಪ್. ನಾಳೆ ಎಲ್ರೂ ಇದ್ನ ಕಂಠಪಾಠ ಮಾಡ್ಕೊಂಡು ಬರ್ಬೇಕು. ಬರ್ದೇ ಇದ್ರೆ ಐವತ್ತು ಸಲ ಬರಿಸ್ತೀನಿ."

ಕಿಟಕಿಯ ಕೆಳಗೆ ಮುನಿಶಾಮಮ್ಮನಿಗೆ ಒಂದೇ ಸಲಕ್ಕೆ ಬಂತು.

ಗುರುವಾರ ಕೋಲಾರದಿಂದ ಒಬ್ಬರು ಮೇಡಂ ಬರುತ್ತಾರೆ, ಮಕ್ಕಳ ಗ್ರಹಿಕೆ ನೋಡುತ್ತಾರೆ ಅಂತ ಸುದ್ದಿ ಬಂತು. ಮೇಷ್ಟ್ರು ತಯಾರಿ ನಡೆಸಿದರು.

"ಮೇಡಂ ಪ್ರಶ್ನೆ ಕೇಳ್ದಾಗ ಎಲ್ರೂ ಕೈ ಎತ್ಬೇಕು. ಗೊತ್ತಿದ್ದೋರು ಬಲಗೈ. ಗೊತ್ತಿಲ್ದೋರು ಎಡಗೈ. ನಾನು ಬಲಗೈ ನೋಡಿ ಎಬ್ಬಿಸ್ತೀನಿ. ಕೈ ಎತ್ತದೇ ಮಾತ್ರ ಯಾವನೂ ಇರ್ಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

ಎಲ್ಲ ಸರಿಯಾಗಿತ್ತು. ಒಂದೇ ತೊಡಕು. ಕೊನೇ ಬೆಂಚಿನಲ್ಲಿ ಮೇಘನ ಇದ್ದಳು. ಕೈ ಎತ್ತುವುದಿರಲಿ, ಅವಳು ಬಾಯಿ ತೆಗೆದರೆ?

ಬುಧವಾರ ಹೆಡ್‌ಮಾಸ್ಟರ್ ಮುನಿಶಾಮಮ್ಮನನ್ನು ಕರೆಸಿದರು. ಅವಳು ಆಫೀಸಿನ ಬಾಗಿಲ ಹೊರಗೆ ನಿಂತಳು. ಒಳಗೆ ಚಂದ್ರಮೋಹನ್ ಕುರ್ಚಿಯಲ್ಲಿದ್ದರು. ಅಶ್ವತ್ಥಪ್ಪ ಒಂದು ಕಾಗದವನ್ನು ನೆಲದ ಮೇಲಿಟ್ಟರು. ಅದರ ಪಕ್ಕ ಇಂಕಿನ ಪ್ಯಾಡ್ ಇಟ್ಟು ಮರದ ಸ್ಕೇಲಿನಿಂದ ಹೊಸಿಲ ತನಕ ತಳ್ಳಿದರು.

"ಹೆಬ್ಬೆಟ್ಟೊತ್ತಮ್ಮ."

"ಏನ್ ಕಾಗ್ದ ಸಾ ಇದು?"

"ನಿನ್ ಮಗಳ ಒಳ್ಳೇದಕ್ಕೇ. ಹತ್ತನೇ ಕ್ಲಾಸು ಅವ್ಳ ಕೈಲಾಗಲ್ಲ. ಟಿ.ಸಿ. ತಗೊಂಡು ಟೈಲರಿಂಗ್ ಗೀಲರಿಂಗ್ ಕಲಿಸು. ನಾಳೆಯಿಂದ ಅವ್ಳನ್ನ ಕಳಿಸ್ಬೇಡ. ನಮ್ ಸ್ಕೂಲು ನಾಲ್ಕು ವರ್ಷದಿಂದ ನೂರಕ್ಕೆ ನೂರು ರಿಸಲ್ಟು. ಒಬ್ಳಿಂದ ಹೆಸರು ಹಾಳಾಗ್ಬೇಕಾ ಹೇಳು?"

"ಚೆನ್ನಾಗೇ ಓದ್ತಾಳಲ್ಲ ಸಾ?"

ಚಂದ್ರಮೋಹನ್ ನಕ್ಕರು. "ಓದ್ತಾಳಮ್ಮ, ಬೇಡ ಅಂದೋರ್ಯಾರು. ಉತ್ತರ ಕೊಟ್ರೆ ಅದ್ನ ಬರಿಯಕ್ಕೆ ಬರಲ್ಲ. ಸ್ವಂತ ಬುದ್ಧಿ ಓಡಿಸ್ತಾಳೆ. ಅದು ಒಂಥರಾ ಕಾಯಿಲೆ."

"ಒಂದ್ಸಲ ಓದಿ ಹೇಳಿ ಸಾ, ಏನ್ ಬರ್ದೈತೆ ಅಂತ."

"ಓದಿದ್ರೆ ನಿನ್ಗೆ ಅರ್ಥ ಆಗತ್ತಾ?" ಅಶ್ವತ್ಥಪ್ಪನ ದನಿ ಬದಲಾಯಿತು. "ನೋಡು, ನಿನ್ ಕೆಲಸಾನೂ ವರ್ಷ ವರ್ಷ ನಾನೇ ಬರ್ದು ಕಳಿಸ್ಬೇಕು. ನೆನಪಿಟ್ಕೋ."

ಮುನಿಶಾಮಮ್ಮ ಬಗ್ಗಿದಳು. ಹೆಬ್ಬೆರಳನ್ನು ಪ್ಯಾಡಿನ ಮೇಲಿಟ್ಟಳು. ಇಂಕು ಬಿರುಕಿಗೆ ಇಳಿದು ಚುರುಗುಟ್ಟಿತು. ಕಾಗದದ ಮೇಲೆ ಬೆರಳು ನಿಂತಿತು. ಒತ್ತಲಿಲ್ಲ.

"ಅವ್ರಪ್ಪನ್ನ ಒಂದ್ ಮಾತು ಕೇಳಿ ನಾಳೆ ಒತ್ತಿ ತರ್ತೀನಿ ಸಾ. ಕೇಳ್ದೇ ಒತ್ತಿದ್ರೆ ಮನೇಲಿ ಹೊಡೀತಾನೆ."

ಗಂಡನಿಗೆ ಹೆದರುವುದು ಹೆಂಗಸಿಗೆ ಒಳ್ಳೆಯ ಲಕ್ಷಣ ಅಂತ ಇಬ್ಬರಿಗೂ ಅನ್ನಿಸಿತು. ಕಾಗದ ಅವಳ ಕೈಗೆ ಸಿಕ್ಕಿತು. ಗಂಡ ಯಾವತ್ತೂ ಅವಳ ಮೇಲೆ ಕೈ ಎತ್ತಿದವನಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಮಾಲಿ. ಅವನ ಹೆಗಲಿಗೆ ಪುರುಸೊತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಮೇಘನ ಕಾಗದ ಓದಿದಳು.

"'ನನ್ನ ಮಗಳಾದ ಮೇಘನಳು ಗ್ರಹಿಕೆಯಲ್ಲಿ ಹಿಂದುಳಿದಿರುವುದರಿಂದ, ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಅವಳನ್ನು ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದೇನೆ...'"

"ಅಂಟೇ?" ಅಂದರೆ ಅಂತ ಕೇಳಿದಳು ಮುನಿಶಾಮಮ್ಮ, ತೆಲುಗಿನಲ್ಲಿ.

ಮೇಘನ ಒಂದೊಂದೇ ಮಾತನ್ನು ತೆಲುಗಿಗೆ ತಿರುಗಿಸಿ ಹೇಳಿದಳು. ನಾನು ದಡ್ಡಿಯಂತೆ. ಅದನ್ನು ನೀನೇ ಹೇಳುತ್ತಿದ್ದೀಯಂತೆ. ನಿನಗೆ ಯಾರೂ ಬಲವಂತ ಮಾಡಿಲ್ಲವಂತೆ. ಏಳು ವರ್ಷ ಪುಸ್ತಕದ ಕನ್ನಡ ಕೇಳಿದ್ದ ಮುನಿಶಾಮಮ್ಮನಿಗೆ ಪೂರ್ತಿ ಅರ್ಥವಾದ ಮೊದಲ ವಾಕ್ಯ ಅದು.

"ಏನ್ ಕೇಳ್ದೇ ನೀನು ಆ ಮೇಷ್ಟ್ರನ್ನ? ಸರಿಯಾಗಿ ಹೇಳು."

ಮೇಘನ ಹೇಳಿದಳು. ರಾಜ ಅತ್ತದ್ದು, ಕತ್ತಿ ಕೆಳಗಿಟ್ಟದ್ದು, ತಕ್ಷಣ ಪರದೆ ಕಟ್ಟಿಕೊಂಡು ಜೇನು ಹಿಂಡಿದ್ದು. ಮುನಿಶಾಮಮ್ಮ ಬಾಯಿ ತೆರೆದು ಕೇಳಿದಳು.

"ಲೇ, ಇದ್ನ ನಾನು ಏಳ್ ವರ್ಷದಿಂದ ಹೇಳ್ತಾ ಇದೀನಲ್ಲೇ! ಜೇನು ಹಿಂಡ್ದೋನು ರಾಜಾನಾ? ಹೆಣದ ಮಧ್ಯೆ ಕೂತ್ಕೊಂಡಾ?"

"ಹೂಂ ಅಮ್ಮ. ಬಾಟ್ಲಿ ಎಲ್ಲಿಂದ ತಂದ್ನೋ!"

ಇಬ್ಬರೂ ನಕ್ಕರು. ಬಿದ್ದು ಬಿದ್ದು ನಕ್ಕರು. ಒಲೆಯ ಮೇಲೆ ಮುದ್ದೆಗೆ ಇಟ್ಟ ಎಸರು ಉಕ್ಕಿ ಬೂದಿಗೆ ಬಿತ್ತು. ಮುನಿಶಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವಳು ತನ್ನ ಹೆಬ್ಬೆರಳು ನೋಡಿದಳು. ನೇರಳೆ ಬಣ್ಣ ಇನ್ನೂ ಹೋಗಿರಲಿಲ್ಲ. ನಗು ನಿಂತಿತು.

"ಇದ್ನ ಕೇಳಿದ್ದಕ್ಕಾ?"

"ಹೂಂ."

"ನಾಳೆ ಸ್ಕೂಲಿಗೆ ಬಾ. ನಿನ್ ಬೆಂಚಲ್ಲೇ ಕೂತ್ಕೋ. ಏನೂ ಮಾತಾಡ್ಬೇಡ."

ಗುರುವಾರ ಹತ್ತೂವರೆಗೆ ಜೀಪು ಬಂತು. ಶೋಭಾರಾಣಿ ಮೇಡಂ ಇಳಿದರು. ಇಡೀ ಜಿಲ್ಲೆಯ ಗ್ರಹಿಕೆಯ ಉಸ್ತುವಾರಿ ಅವರದು. ಕೈಯಲ್ಲಿ ಒಂದು ಫಾರಂ. ಅದರಲ್ಲಿ ನಲವತ್ತು ಚೌಕ. ಪ್ರತಿ ಚೌಕಕ್ಕೂ ಟಿಕ್ ಬೀಳಬೇಕು. ಆ ದಿನಕ್ಕೆ ಐದು ಶಾಲೆ. ಇದು ಎರಡನೆಯದು.

ಹಾರ ಹಾಕುವ ಗಡಿಬಿಡಿಯಲ್ಲಿ ಕೊನೇ ಬೆಂಚನ್ನು ಯಾರೂ ನೋಡಲಿಲ್ಲ. ಮೇಷ್ಟ್ರು ನೋಡಿದಾಗ ಮೇಡಂ ಆಗಲೇ ಕ್ಲಾಸಿನೊಳಗಿದ್ದರು. ಮೇಘನ ನೆಟ್ಟಗೆ ಕೂತಿದ್ದಳು.

"ಗ್ರಹಿಕೆ ಎಂದರೇನು ಮಕ್ಕಳೇ?" ಮೇಡಂ ಕೇಳಿದರು.

ಮೂವತ್ತೆರಡು ಕೈ ಎದ್ದವು. ಮೇಡಂ ಮುಖ ಅರಳಿತು. ಒಬ್ಬಳು ಬಲಗೈಯವಳು ಎದ್ದು ಪಟಪಟ ಹೇಳಿದಳು. ಕಂಠಪಾಠ ಮಾಡದೆ ಅರ್ಥ ಮಾಡಿಕೊಳ್ಳುವುದು. ಒಂದು ಅಕ್ಷರ ತಪ್ಪಲಿಲ್ಲ. ಟಿಕ್.

"ವೆರಿ ಗುಡ್. ಈಗ ಪಾಠದಿಂದ ಒಂದು ಕೇಳೋಣ. ಯುದ್ಧ ಗೆದ್ದ ರಾಜ ಏನು ಮಾಡ್ದ?"

ಮತ್ತೆ ಮೂವತ್ತೆರಡು ಕೈ. ಮೇಷ್ಟ್ರು ಮುನೇಶನನ್ನು ಎಬ್ಬಿಸಿದರು. ಕ್ಲಾಸಿಗೇ ಫಸ್ಟು ಬರುವ ಹುಡುಗ. ಅವನು ಉಸಿರು ಎಳೆದುಕೊಂಡು ಶುರು ಮಾಡಿದ. "ಯುದ್ಧಭೂಮಿಯಲ್ಲಿ ಬಿದ್ದಿದ್ದ ಸೈನಿಕರನ್ನು ಕಂಡು ರಾಜನ ಮನಸ್ಸು ಕರಗಿತು. ಅವನು ಕಣ್ಣೀರು ಸುರಿಸುತ್ತಾ ಖಡ್ಗವನ್ನು ಕೆಳಗಿಟ್ಟು... ಕೆಳಗಿಟ್ಟು..." ನಿಂತುಹೋಯಿತು. ಮೇಡಂ ಕುತ್ತಿಗೆಯ ಹಾರ ನೋಡುತ್ತ ಮರೆತನೋ ಏನೋ. "ಕೆಳಗಿಟ್ಟು..."

ಫಾರಂ ಮೇಲೆ ಪೆನ್ನು ನಿಂತಿತು.

ಆಗ ಕಿಟಕಿಯಿಂದ ಒಂದು ದನಿ ಬಂತು. ಸ್ಪಷ್ಟವಾದ, ತಪ್ಪಿಲ್ಲದ, ಪುಸ್ತಕದ ಕನ್ನಡ.

"ಮುಖಕ್ಕೆ ಪರದೆ ಕಟ್ಟಿಕೊಂಡು, ಹೊಗೆ ಹಾಕಿ ಹುಳುಗಳನ್ನು ಓಡಿಸಿ, ಜೇನನ್ನು ಹಿಂಡಿ ಸ್ವಚ್ಛವಾದ ಬಾಟಲಿಗಳಲ್ಲಿ ತುಂಬಿದನು. ಫುಲ್‌ಸ್ಟಾಪ್."

"ಯಾರದು?" ಅಂದರು ಮೇಡಂ.

"ಅಡುಗೆಯೋರು ಮೇಡಂ," ಅಂದರು ಅಶ್ವತ್ಥಪ್ಪ, ನಗಬೇಕೋ ಅಳಬೇಕೋ ತಿಳಿಯದೆ.

"ಅಡುಗೆಯೋರಾ! ಎಷ್ಟು ನಿರರ್ಗಳವಾಗಿ ಹೇಳಿದ್ರು! ನೋಡಿ ಸರ್, ಇದೇ ನಾವು ಹೇಳೋದು. ಸಮುದಾಯದ ಭಾಗವಹಿಸುವಿಕೆ. ಕರೀರಿ ಅವರನ್ನ ಒಳಗೆ. ಒಂದು ಫೋಟೋ ತೆಗೆಯೋಣ."

ರಾಜ ಯಾಕೆ ಜೇನು ಹಿಂಡಿದ ಅಂತ ಮೇಡಂ ಕೇಳಲಿಲ್ಲ. ಆ ಚೌಕ ಫಾರಂನಲ್ಲಿ ಇರಲಿಲ್ಲ. 'ನಿರರ್ಗಳತೆ' ಇತ್ತು. ಟಿಕ್ ಬಿತ್ತು.

ಮುನಿಶಾಮಮ್ಮ ಒಳಗೆ ಬಂದಳು. ಸೀರೆಯ ತುದಿ ಸೊಂಟಕ್ಕೆ ಸಿಕ್ಕಿಸಿದ್ದಳು. ಮೊಣಕೈ ತನಕ ಬೂದಿ. ಏಳು ವರ್ಷ ಕೇಳಿದ ಕ್ಲಾಸನ್ನು ಅವಳು ಕಣ್ಣಿಂದ ನೋಡಿದ್ದು ಅದೇ ಮೊದಲು.

"ಎಷ್ಟನೇ ಕ್ಲಾಸ್ ಓದಿದೀರಮ್ಮ?"

"ಸ್ಕೂಲಿಗೇ ಹೋಗಿಲ್ಲ ಮೇಡಂ. ಹೆಬ್ಬೆಟ್ಟು."

"ಮತ್ತೆ ಪಾಠ?"

"ಹದಿನಾರೂ ಬರ್ತದೆ. ಕವಿ ಪರಿಚಯ ಬೇಕಾ? ಬಿಟ್ಟ ಸ್ಥಳ ಬೇಕಾ? ಕೇಳಿ. ಏಳ್ ಸಲ ಮುಗಿಸಿದೀನಿ."

"ಅದ್ಭುತ!" ಮೇಡಂ ಫೋನು ಎತ್ತಿದರು. "ಇಲ್ಲಿ ನೋಡಿ."

"ಅರ್ಥ ಕೇಳ್ಬೇಡಿ," ಅಂದಳು ಮುನಿಶಾಮಮ್ಮ. "ಅರ್ಥ ನಿನ್ನೆ ಸಾಯಂಕಾಲದ ತನ್ಕ ನನ್ಗೆ ಒಂದೂ ಗೊತ್ತಿರ್ಲಿಲ್ಲ. ನನ್ ಮಗಳು ಹೇಳಿದ್ಲು, ಅದೂ ಈ ಒಂದು ಉತ್ತರದ್ದು. ಅಳ್ತಾ ಇದ್ದ ರಾಜ ಜೇನು ಯಾಕೆ ಹಿಂಡ್ದ ಅಂತ ಅವ್ಳು ಕೇಳಿದ್ದಕ್ಕೆ ಈ ಕಾಗ್ದ ಕೊಟ್ಟವ್ರೆ."

ಸೊಂಟದಿಂದ ಕಾಗದ ತೆಗೆದಳು. ಅಶ್ವತ್ಥಪ್ಪ ಮುಂದೆ ಬಂದರು. "ಮೇಡಂ, ಅದು ಬೇರೆ ವಿಷಯ, ಆಮೇಲೆ..."

"ನಿಲ್ಲಿ ಸಾ." ಏಳು ವರ್ಷದಲ್ಲಿ ಅವಳು ಅವರಿಗೆ ಹಾಗೆ ಅಂದದ್ದು ಮೊದಲ ಸಲ. ಅವರು ನಿಂತರು. ಯಾಕೆ ನಿಂತೆ ಅಂತ ಅವರಿಗೂ ಗೊತ್ತಾಗಲಿಲ್ಲ. "ಏನೂ ಅರ್ಥ ಆಗ್ದೇ ಹೇಳ್ದೋಳು ನಾನು. ನನ್ಗೆ ಫೋಟೋ. ಅರ್ಥ ಮಾಡ್ಕೊಂಡು ಕೇಳ್ದೋಳು ಅವ್ಳು. ಅವ್ಳಿಗೆ ಟಿ.ಸಿ. ಇದ್ಯಾವ ಊರ ನ್ಯಾಯ ಮೇಡಂ? ಹಂಗಿದ್ರೆ ಮೊದ್ಲು ನನ್ಗೆ ಕೊಡಿ ಟಿ.ಸಿ. ನಾನಿದಕ್ಕೆ ಹೆಬ್ಬೆಟ್ಟು ಒತ್ತಲ್ಲ. ನೆಲದ ಮೇಲೆ ಇಟ್ಟು ಸ್ಕೇಲಲ್ಲಿ ತಳ್ಳಿದ್ರೂ ಒತ್ತಲ್ಲ."

ಮೇಡಂ ಗಡಿಯಾರ ನೋಡಿದರು. "ನೋಡಮ್ಮ, ಇದು ತುಂಬಾ ಸೂಕ್ಷ್ಮ ವಿಷಯ. ಮುಂದಿನ ಹಂತದಲ್ಲಿ ಖಂಡಿತ ಚರ್ಚೆ ಮಾಡೋಣ. ನಮಗಿನ್ನೂ ಮೂರು ಸ್ಕೂಲ್ ಕವರ್ ಮಾಡೋದಿದೆ."

"ಹೋಗ್ಬನ್ನಿ. ನಾನು ಇಲ್ಲೇ ಇರ್ತೀನಿ."

ಮುನಿಶಾಮಮ್ಮ ಕೊನೇ ಬೆಂಚಿಗೆ ನಡೆದಳು. ಮಗಳ ಪಕ್ಕ ಕೂತಳು. ಬೆಂಚು ಕಿರ್ರೆಂದಿತು.

"ಏಳಮ್ಮ," ಅಂದರು ಅಶ್ವತ್ಥಪ್ಪ. "ಪಾತ್ರೆ ಹಾಗೇ ಬಿದ್ದಿದೆ."

"ರಾಜ ಜೇನು ಯಾಕೆ ಹಿಂಡ್ದ ಅಂತ ಮೇಷ್ಟ್ರು ಹೇಳ್ಲಿ. ಎದ್ದು ಹೋಗ್ತೀನಿ."

ಹೊರಗಿನಿಂದ ಶ್ಯಾಮಲಮ್ಮನ ಕೂಗು ಬಂತು. "ಏಯ್ ಮುನಿಶಾಮೀ! ಡಬರಿ ತೊಳ್ದಿಲ್ಲವೇನೇ? ಬೇಳೆ ಎಲ್ಲಿ ಹಾಕ್ಲಿ, ನನ್ ತಲೆ ಮೇಲಾ?"

ಡಬರಿ ಕಲ್ಲಿನ ಮೇಲೆ ಬಿದ್ದಿತ್ತು. ತಳದಲ್ಲಿ ಬೆಳಗಿನ ಹಾಲು ಸುಟ್ಟು ಕಪ್ಪಾಗಿತ್ತು. ಶಾಲೆಯಲ್ಲಿ ಸಾಂಬಾರಿಗೆ ಇದ್ದದ್ದು ಅದೊಂದೇ. ಮುನಿಶಾಮಮ್ಮ ತೊಳೆಯದಿದ್ದರೆ ಶ್ಯಾಮಲಮ್ಮ ಮುಟ್ಟುವವಳಲ್ಲ. ಉಜ್ಜಿದರೆ ಅವಳ ಜಾತಿ ಕೆಡುತ್ತಿತ್ತು. ಉಜ್ಜದಿದ್ದರೆ ನೂರ ಎಂಬತ್ತು ಮಕ್ಕಳಿಗೆ ಊಟವಿಲ್ಲ. ಮೇಡಂಗೂ ಇಲ್ಲ. ಮೇಡಂ ಊಟದ ರುಚಿ ನೋಡಿ ಸಹಿ ಹಾಕುವುದಕ್ಕೂ ಒಂದು ಚೌಕವಿತ್ತು.

ಮೇಡಂ ಮೊದಲ ಸಲ ಫಾರಂನಿಂದ ತಲೆ ಎತ್ತಿದರು. "ಸರಿ, ಅದರಲ್ಲೇನಿದೆ? ಮಕ್ಕಳೇ ಹೇಳ್ತಾರೆ. ಮಕ್ಕಳೇ, ರಾಜ ಜೇನು ಯಾಕೆ ಹಿಂಡ್ದ? ಗೊತ್ತಿರೋರು ಕೈ ಎತ್ತಿ."

ಮೂವತ್ತೆರಡು ಕೈ ಎದ್ದವು.

"ನೋಡಿ! ಎಲ್ರಿಗೂ ಗೊತ್ತು!" ಅಂದರು ಮೇಡಂ.

ಚಂದ್ರಮೋಹನ್ ಮೊದಲ ಬೆಂಚು ನೋಡಿದರು. ಎರಡನೆಯದು ನೋಡಿದರು. ಮುನೇಶನನ್ನು ನೋಡಿದರು. ಮೂವತ್ತೆರಡೂ ಎಡಗೈ. ಕೊನೇ ಬೆಂಚಿನಲ್ಲಿ ಬೂದಿ ಮೆತ್ತಿದ ಇನ್ನೊಂದು ಕೈ ಎದ್ದಿತ್ತು. ಅದೂ ಎಡಗೈಯೇ. ಕಿಟಕಿಯ ಕೆಳಗೆ ಕೂತವಳಿಗೆ ಆ ಕಾನೂನೂ ಗೊತ್ತಿತ್ತು.

"ಯಾರನ್ನ ಎಬ್ಬಿಸ್ತೀರಿ ಸರ್?" ಮೇಡಂ ಕೇಳಿದರು.

ಮೇಷ್ಟ್ರು ಹೆಡ್‌ಮಾಸ್ಟರ್ ಕಡೆ ನೋಡಿದರು.

"ಮುನಿಶಾಮೀ! ಡಬರೀ!"

ಅಶ್ವತ್ಥಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಕೊನೇ ಬೆಂಚಿನ ತನಕ ಅವರೇ ನಡೆದು ಬಂದರು. ಕೈ ಚಾಚಿದರು. ಮುನಿಶಾಮಮ್ಮ ಕಾಗದವನ್ನು ಅವರ ಕೈಗೇ ಕೊಟ್ಟಳು. ಅವರು ಅದನ್ನು ಮಡಚಿ ಜೇಬಿಗೆ ಇಡಲು ಹೋದರು.

"ಜೇಬಲ್ಲಿ ಬೇಡ ಸಾ. ಇಲ್ಲೇ ಹರೀರಿ."

"ತಪ್ಪು ತಿಳ್ಕೊಂಡಿದ್ದೀಯಮ್ಮ, ಅದು ಬರೀ..."

"ಹರೀರಿ ಸಾ. ಮಕ್ಳು ನೋಡ್ಲಿ."

ಅವರು ಹರಿದರು. ಎರಡು ಚೂರು. ಆಮೇಲೆ ನಾಲ್ಕು. ಮೇಡಂ ಆ ಹೊತ್ತಿಗೆ ಬಾಗಿಲಲ್ಲಿದ್ದರು. ಹೋಗುತ್ತ ಫಾರಂನ ಕೊನೇ ಚೌಕಕ್ಕೆ ಟಿಕ್ ಹಾಕಿದರು. ಗ್ರಹಿಕೆ: ಪೂರ್ಣಗೊಂಡಿದೆ. ಊಟದ ಚೌಕಕ್ಕೆ ಜೀಪಿನಲ್ಲಿ ಕೂತ ಮೇಲೆ ಟಿಕ್ ಹಾಕಿಕೊಂಡರು.

ಜೀಪಿನ ಸದ್ದು ಮಾವಿನ ತೋಪಿನ ಆಚೆ ಕರಗಿತು. ಹೆಡ್‌ಮಾಸ್ಟರ್ ಅದರ ಹಿಂದೆಯೇ ಓಡಿದ್ದರು. ಕ್ಲಾಸಿನಲ್ಲಿ ಯಾರೂ ಕೈ ಇಳಿಸಿರಲಿಲ್ಲ. ಮುನಿಶಾಮಮ್ಮ ಎದ್ದಿರಲಿಲ್ಲ.

ಚಂದ್ರಮೋಹನ್ ಮೇಜಿನ ಮೇಲಿನ ನೋಟ್ಸನ್ನು ಹತ್ತಿರ ಎಳೆದುಕೊಂಡರು. ಏಳನೇ ಪಾಠ ತೆಗೆದರು. ಬೆರಳಿನಿಂದ ಹಾಳೆ ಮುಟ್ಟಿದರು. ದಪ್ಪವಿತ್ತು. ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎಳೆದರು. ಚರ್ರೆಂದು ಸದ್ದಾಯಿತು. ಒಳಗೆ ಹಳದಿ ಕಲೆ. ಏಳು ವರ್ಷದ ಹಿಂದಿನ ಬಾದಾಮಿ ಹಣ್ಣಿನ ಒಂದು ನಾರು. ನಾರಿನ ಸುತ್ತ ಅವರದೇ ಅಕ್ಷರ. ಅವರು ಓದಿದರು. ಹೇಳಲಿಲ್ಲ, ಓದಿದರು. ತುಟಿ ಅಲ್ಲಾಡಿತು.

ಅಭ್ಯಾಸ ಬಿಡುವುದಿಲ್ಲ ನೋಡಿ, ಅವರ ಬಾಯಿಂದ ತಾನಾಗಿಯೇ ಬಂತು. "ಬರ್ಕೊಳ್ಳಿ."

ಎತ್ತಿದ್ದ ಕೈಗಳು ಇಳಿದು ಪೆನ್ನು ಹಿಡಿದವು. ಮೇಘನ ಎದ್ದು ನಿಂತಳು.

"ಬರ್ಕೊಳಲ್ಲ ಸಾರ್. ನೀವು ನಿಧಾನಕ್ಕೆ ಓದಿ. ಕೇಳಿಸ್ಕೋತೀವಿ."

ಮುನೇಶ ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಇನ್ನೊಬ್ಬಳು. ಮೂವತ್ತೆರಡು ಪೆನ್ನು ಬೆಂಚಿನ ಮೇಲೆ ಬಿದ್ದ ಸದ್ದು ಹೊರಗಿನ ಡಬರಿಯ ತನಕ ಕೇಳಿಸಿತು. ಮುನಿಶಾಮಮ್ಮ ನೇರಳೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಕೂತಳು. ಅವಳೂ ಕೇಳಬೇಕಿತ್ತು. ಆ ರಾಜ ಕೊನೆಗೆ ಏನು ಮಾಡಿದ ಅಂತ.